ಖಂಡೆ ಪೂಜೆಗೆ ಕೂತ ಲ್ಯೂಟ್

ಮಹಾನವಮಿಯ ಭಾನುವಾರ ಬೆಳಗ್ಗೆ ಗುರುಪ್ರಸಾದನ ಲ್ಯೂಟಿನ ಮೇಲಿನ ತಂತಿ ಟಪ್ಪೆಂದು ಹರಿದು ಅವನ ಮೂಗಿಗೇ ಹೊಡೆಯಿತು. ತಪ್ಪು ತಂತಿಯದಲ್ಲ. ಮೇಲಿನ ತಂತಿಯನ್ನು ಹರಿಯುವುದಕ್ಕೆ ಸ್ವಲ್ಪ ಮೊದಲಿನವರೆಗೆ ಬಿಗಿ ಮಾಡಬೇಕು, ಮಿಕ್ಕವನ್ನೆಲ್ಲ ಅದಕ್ಕೆ ಹೊಂದಿಸಬೇಕು ಎಂಬುದು ಐನೂರು ವರ್ಷದ ಹಿಂದೆ ಯುರೋಪಿನಲ್ಲಿ ಈ ವಾದ್ಯ ಕಲಿಸುತ್ತಿದ್ದ ಗುರುಗಳ ಉಪದೇಶವಂತೆ. ಹರಿಯುವುದಕ್ಕೆ ಸ್ವಲ್ಪ ಮೊದಲು ಎಂದರೆ ಯಾವಾಗ ಎನ್ನುವುದು ಹರಿದ ಮೇಲೆ ಮಾತ್ರ ತಿಳಿಯುತ್ತದೆ ಎಂದು ಆ ಪುಣ್ಯಾತ್ಮರು ಹೇಳಿರಲಿಲ್ಲ.

ಅವನು ಮೂಗು ಉಜ್ಜಿಕೊಳ್ಳುತ್ತ ಬೇರೆ ತಂತಿ ಕಟ್ಟಿದ. ಹರಿದ ತುಂಡು ಸೋಫಾದ ಕೆಳಗೆ ಹೋಯಿತು. ಅದನ್ನು ಹುಡುಕುವಷ್ಟು ಪುರುಸೊತ್ತಿರಲಿಲ್ಲ.

ಗುರುಪ್ರಸಾದನಿಗೆ ನಲವತ್ತೈದು. ಕ್ಯಾಲಿಫೋರ್ನಿಯಾದ ಎಮರಿವಿಲ್‌ನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕಾರ್ಟೂನು ಕರಡಿಗಳ ಕೂದಲು ಗಾಳಿಗೆ ಸರಿಯಾಗಿ ಅಲ್ಲಾಡುವಂತೆ ನೋಡಿಕೊಳ್ಳುವುದು ಅವನ ಕೆಲಸ. ಈ ಕೆಲಸವನ್ನು ಊರಿನ ನೆಂಟರಿಗೆ ವಿವರಿಸುವುದನ್ನು ಅವನು ಯಾವಾಗಲೋ ಬಿಟ್ಟಿದ್ದ. ಮೂರು ವರ್ಷದ ಹಿಂದೆ ಬರ್ಕ್ಲಿಯಲ್ಲಿ ಯಾರೋ ಲ್ಯೂಟ್ ನುಡಿಸುವುದನ್ನು ಕೇಳಿದಾಗ ಅವನ ಎದೆಯಲ್ಲಿ ಏನೋ ಆಯಿತು. ದಿನವಿಡೀ ಮೀಟಿಂಗುಗಳಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಿದ್ದ ಅವನ ಬದುಕಿನಲ್ಲಿ, ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಸಮಾಧಾನ ಹೇಳುತ್ತಿರುವಂಥ ಆ ದನಿ ಅವನಿಗೆ ತುಂಬ ಬೇಕಾಗಿತ್ತು. ಅಲ್ಲಿನ ಲ್ಯೂಟ್ ಕೂಟದವರು ಕಲಿಯುವವರಿಗೆ ವಾದ್ಯವನ್ನು ಸಾಲ ಕೊಡುತ್ತಾರೆಂದು ತಿಳಿದು ಅಂದೇ ಹೆಸರು ಬರೆಸಿದ್ದ.

ಲ್ಯೂಟ್ ನೋಡುವುದಕ್ಕೆ ಅರ್ಧ ಸೀಳಿದ ಸೋರೆಕಾಯಿಯಂತೆ ಇರುತ್ತದೆ. ಕತ್ತಿನ ತುದಿ ಹಿಂದಕ್ಕೆ ಮಡಚಿರುವುದರಿಂದ, ಮನೆಗೆ ಬಂದವರೆಲ್ಲ "ಅಯ್ಯೋ, ಏರ್‌ಲೈನ್ಸ್‌ನೋರು ಮುರಿದ್ರಾ? ಕ್ಲೇಮ್ ಹಾಕಿ" ಎನ್ನುತ್ತಿದ್ದರು. ತಂತಿಗಳು ಹದಿನೈದು. ಹದಿನೈದೂ ಒಟ್ಟಿಗೆ ಶ್ರುತಿಯಲ್ಲಿದ್ದ ದಿನವನ್ನು ಗುರುಪ್ರಸಾದ ಕಂಡಿರಲಿಲ್ಲ. ಲ್ಯೂಟ್ ನುಡಿಸುವವರ ಅರ್ಧ ಆಯುಷ್ಯ ಶ್ರುತಿ ಮಾಡುವುದರಲ್ಲಿ ಹೋಗುತ್ತದೆ, ಇನ್ನರ್ಧ ಅಪಶ್ರುತಿಯಲ್ಲಿ ನುಡಿಸುವುದರಲ್ಲಿ ಹೋಗುತ್ತದೆ ಎಂದು ಕೂಟದವರೇ ತಮಾಷೆ ಮಾಡುತ್ತಿದ್ದರು. ಅವನು ಇನ್ನೂ ಮೊದಲನೆಯ ಅರ್ಧದಲ್ಲೇ ಇದ್ದ. "ಡ್ಯಾಡ್, ವೆನ್ ಡಸ್ ದ ಸಾಂಗ್ ಸ್ಟಾರ್ಟ್?" ಎಂದು ಮಗಳು ನಿಸರ್ಗಾ ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಪಾಪ, ಕೇಳುವುದನ್ನು ಬಿಟ್ಟಳು.

ಈಗ ಗಡುವು ಬಂದಿತ್ತು. ಮೂರು ವರ್ಷ ಮುಗಿದ ಮೇಲೆ ಕೂಟದ ಮುಂದೆ ಒಂದು ರಚನೆಯನ್ನಾದರೂ ಮೊದಲಿಂದ ಕೊನೆಯವರೆಗೆ ನುಡಿಸಬೇಕು, ಇಲ್ಲದಿದ್ದರೆ ವಾದ್ಯ ಸರದಿಯಲ್ಲಿರುವ ಮುಂದಿನವರ ಪಾಲು. ಆ ದಿನ ಇವತ್ತೇ. ಮಧ್ಯಾಹ್ನ ಬರ್ಕ್ಲಿಯ ಚರ್ಚಿನ ಹಾಲಿನಲ್ಲಿ ಅವನು ಒಂದು ಪುಟ್ಟ ಪವಾನ್ ನುಡಿಸಬೇಕಾಗಿತ್ತು. ಪವಾನ್ ಎಂದರೆ ಹಳೆಯ ಕಾಲದ ರಾಜರಾಣಿಯರು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ ಕುಣಿತದ ಮಟ್ಟು. ಅದನ್ನು ಆರಿಸಿದವಳು ಅವನ ಗುರು ಐಲೀನ್. ಅದರ ತುಂಬ ಮಂದ್ರದ ದಪ್ಪ ತಂತಿಗಳ ಕೆಲಸ. ಗುರುಪ್ರಸಾದನಿಗೆ ದಿಗಿಲಿದ್ದದ್ದು ಅಲ್ಲೇ.

ಅದಕ್ಕೆ ಕಾರಣ ಒಂದು ಗುಟ್ಟು. ಲ್ಯೂಟಿಗೆ ಕಟ್ಟುವ ತಂತಿ ಕುರಿಯ ಕರುಳಿನದು ಎಂದು ಮೊದಲನೆಯ ದಿನವೇ ಐಲೀನ್ ಭಕ್ತಿಯಿಂದ ವಿವರಿಸಿದ್ದಳು. ಗುರುಪ್ರಸಾದನೋ, ಮೊಟ್ಟೆ ಹಾಕಿದ್ದಾರಾ ಎಂದು ಕೇಳಿಯೇ ಕೇಕು ಬಾಯಿಗಿಡುವ ಮನೆತನದವನು. ಆದರೆ ಆಗಲೇ ವಾದ್ಯ ಅವನ ತೊಡೆಯ ಮೇಲಿತ್ತು, ಕೆಳಗಿಡಲು ಮನಸ್ಸು ಬರಲಿಲ್ಲ. 'ನನ್ನದರಲ್ಲೂ ಅದೇನಾ?' ಎಂದು ಕೇಳಲು ಧೈರ್ಯವೂ ಬರಲಿಲ್ಲ. ಕೇಳದೆ ಇದ್ದರೆ ಪಾಪ ಅರ್ಧವಾಗುತ್ತದೆ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಮನೆಯಲ್ಲಿ "ನೈಲಾನು" ಎಂದು ಹೇಳಿಬಿಟ್ಟ. ಅಂದಿನಿಂದ ಪ್ರತಿ ಸಲ ಅಭ್ಯಾಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯುತ್ತಿದ್ದ. ದಪ್ಪ ತಂತಿಯಲ್ಲಿ ಕುರಿಯ ಅಂಶ ಹೆಚ್ಚು ಎಂಬ ಲೆಕ್ಕದಲ್ಲಿ ಮಂದ್ರವನ್ನು ಆದಷ್ಟು ಮುಟ್ಟುತ್ತಿರಲಿಲ್ಲ. ಹೀಗಾಗಿ ಫ್ಯಾಂಟಸಿಯಾ ಎಂಬ ದೊಡ್ಡ ದೊಡ್ಡ ರಚನೆಗಳೆಲ್ಲ ಬಿಟ್ಟುಹೋಗಿ, ಕುರಿ ಕಡಿಮೆ ಬೀಳುವ ನಾಲ್ಕೈದು ಚಿಲ್ಲರೆ ಕುಣಿತಗಳು ಮಾತ್ರ ಅವನ ಪಾಲಿಗೆ ಉಳಿದಿದ್ದವು. ಜಗತ್ತಿನಲ್ಲಿ ಮಾಂಸದ ತೂಕ ನೋಡಿ ಸಂಗೀತ ಆರಿಸಿಕೊಂಡ ಕಲಾವಿದ ತಾನೊಬ್ಬನೇ ಇರಬೇಕು ಎಂದು ಅವನಿಗೇ ನಗು ಬರುತ್ತಿತ್ತು.

ಕೂಟದವರು ವಾದ್ಯದ ಜೊತೆಗೆ ಕೊಟ್ಟಿದ್ದ ಹೊಸ ತಂತಿ ಕಟ್ಟಿ, ಕೈ ತೊಳೆದು, ಸ್ನಾನ ಮುಗಿಸಿ ಹೊರಗೆ ಬಂದರೆ ಸೋಫಾದ ಮೇಲೆ ಲ್ಯೂಟ್ ಇರಲಿಲ್ಲ.

ಅದು ದೇವರ ಕಟ್ಟೆಯ ಮುಂದೆ ಇತ್ತು. ಧಾರವಾಡದಿಂದ ಬಂದಿದ್ದ ಅತ್ತೆ ಕಮಲವ್ವ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಕೂತಿದ್ದರು. ಈಳಿಗೆಮಣೆ, ಚಾಕು, ಸ್ಕ್ರೂಡ್ರೈವರು, ಡ್ರಿಲ್ಲು, ಏಣಿ, ಹೆಂಡತಿ ನಿವೇದಿತಾಳ ಲ್ಯಾಪ್‌ಟಾಪು, ಎಲ್ಲದರ ನಡುವೆ ಲ್ಯೂಟ್ ಮದುಮಗನಂತೆ ಒರಗಿತ್ತು. ಹೊಟ್ಟೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮಡಚಿದ ಕತ್ತಿಗೆ ಚೆಂಡು ಹೂವಿನ ಮಾಲೆ.

"ಅತ್ತೆ! ಇದನ್ನ ಯಾಕೆ ಇಲ್ಲಿ ಇಟ್ರಿ?"

"ಇಡದನ ಇರತಾರೇನ್ರಿ? ನೀವು ದಿನಾ ಇದನ್ನ ಬಾರಿಸಿ ಕೈ ತೊಳಕೊಳ್ಳೂದು ನಾ ನೋಡೀನ್ರಿ. ಎಂಥಾ ಭಕ್ತಿ! ನಮ್ಮ ಊರಾಗ ದೊಡ್ಡ ದೊಡ್ಡ ಉಸ್ತಾದರೂ ಹಿಂಗ ಮಡಿ ಮಾಡೂದಿಲ್ಲ."

ಮಡಿ ಮಾಡುವವರು ಮುಟ್ಟುವ ಮೊದಲು ಕೈ ತೊಳೆಯುತ್ತಾರೆ, ಮುಟ್ಟಿದ ಮೇಲಲ್ಲ ಎಂಬುದು ಕಮಲವ್ವನವರಿಗೆ ಹೊಳೆದಿರಲಿಲ್ಲ. ಗುರುಪ್ರಸಾದ ಶಿವನ ಫೋಟೋ ಕಡೆ ನೋಡಿದ, ಲ್ಯೂಟಿನ ಕಡೆ ನೋಡಿದ. ಶಿವನ ಮುಂದೆ ಇಡೀ ಕುರಿಮಂದೆಯನ್ನೇ ತಂದು ಕೂರಿಸಿದಂತೆ ಅವನಿಗೆ ಕಂಡಿತು.

"ಅತ್ತೆ, ಇವತ್ತು ನನಗೆ ಬೇಕು ಇದು. ಮಧ್ಯಾಹ್ನ ನುಡಿಸ್ಬೇಕು."

"ನಾಳೆ ಮರುಪೂಜಿ ಆಗೂತನಕಾ ಮುಟ್ಟಂಗಿಲ್ರಿ. ಆಯುಧಕ್ಕ ಇವತ್ತ ವಿಶ್ರಾಂತಿ."

ಅಷ್ಟರಲ್ಲಿ ನಿವೇದಿತಾ ಬಂದು ದೇವರ ಮುಂದಿನಿಂದ ತನ್ನ ಲ್ಯಾಪ್‌ಟಾಪನ್ನು ಎತ್ತಿಕೊಂಡಳು. ಕುಂಕುಮ ಒರೆಸಿ, ಅಲ್ಲೇ ನಿಂತು ಟಕಟಕ ಟೈಪು ಮಾಡತೊಡಗಿದಳು.

"ಅದು ಹೇಗೆ? ಅವಳದು ಮಾತ್ರ ತಗೋಬಹುದಾ?"

"ಆನ್-ಕಾಲ್ ಇದ್ದೀನಿ ಗುರು, ಸರ್ವರ್ ಡೌನ್ ಆಗ್ಯದ," ಎಂದಳು ನಿವೇದಿತಾ, ತಲೆ ಎತ್ತದೆ.

"ಅದು ಹೊಟ್ಟಿಪಾಡಿಂದು. ದೇವರಿಗೂ ತಿಳೀತದ," ಎಂದರು ಕಮಲವ್ವ. "ನಿಮ್ಮದು ಭಕ್ತಿಂದು. ಅದಕ್ಕ ಪೂಜಿಯಿಂದ ರಜಾ ಇಲ್ಲ."

ಅಂಗಳದ ಬಾಗಿಲಿನಿಂದ ಪಕ್ಕದ ಮನೆಯ ಚೆಲುವರಾಜು ಒಳಗೆ ಬಂದ. ಮಂಡ್ಯದವನು. ಚಿಪ್ ಡಿಸೈನು ಅವನ ಉದ್ಯೋಗ, ಅವರಿದ್ದ ಡ್ಯಾನ್‌ವಿಲ್ ಊರಿನ ಎಲ್ಲರ ಮನೆಯ ಸಮಸ್ಯೆ ಬಗೆಹರಿಸುವುದು ಹವ್ಯಾಸ. ಏಣಿ ಕೇಳಲು ಬಂದಿದ್ದ. ಏಣಿಯೂ ಪೂಜೆಗೆ ಕೂತಿರುವುದನ್ನು ಕಂಡು, ಹೇಗೂ ಬಂದಾಗಿದೆ ಎಂದು ಈ ವ್ಯಾಜ್ಯಕ್ಕೆ ಕೈ ಹಾಕಿದ.

"ಸಾರ್, ಸಿಂಪಲ್ಲು. ಅಲ್ಲಿಗೆ ಹೋಗಿ, ನಮ್ಮ ಇನ್‌ಸ್ಟ್ರುಮೆಂಟು ರಿಲಿಜಿಯಸ್ ಲೀವ್‌ನಲ್ಲಿದೆ ಅನ್ನಿ. ಕ್ಯಾಲಿಫೋರ್ನಿಯಾದಲ್ಲಿ ಯಾರೂ ಎದುರು ಮಾತಾಡಂಗಿಲ್ಲ."

"ರೀ, ನಾನು ಇವತ್ತು ನುಡಿಸದೆ ಹೋದ್ರೆ ಲ್ಯೂಟ್ ವಾಪಸ್ ಇಸ್ಕೋತಾರೆ. ನನ್ನ ಕೈಲಿ ಇನ್ಯಾವತ್ತೂ ಇರಲ್ಲ ಅದು," ಎಂದ ಗುರುಪ್ರಸಾದ. ಮಗುವಿನಂತೆ ಹೇಳಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಹಂಗಾದ್ರೆ ನಿಸರ್ಗಾಳ ಗಿಟಾರು ತಗೊಂಡೋಗಿ. ಅದೂ ತಂತಿ, ಇದೂ ತಂತಿ."

ಅತ್ತೆ ಹೋಳಿಗೆಯ ಹೂರಣ ತಿರುವಲು ಅಡಿಗೆ ಮನೆಗೆ ಹೋದದ್ದೇ ತಡ, ಗುರುಪ್ರಸಾದ ಬೆಕ್ಕಿನ ಹೆಜ್ಜೆ ಇಟ್ಟು ದೇವರ ಕಟ್ಟೆಗೆ ಹೋದ. ಸ್ವಂತ ಮನೆಯಲ್ಲಿ, ಸಾಲ ತಂದ ವಾದ್ಯವನ್ನು, ದೇವರ ಮುಂದಿನಿಂದ ಕದಿಯುತ್ತಿದ್ದೇನೆ ಎಂಬ ಅರಿವು ಅವನಿಗೆ ಚೆನ್ನಾಗಿಯೇ ಇತ್ತು. ಕತ್ತು ಹಿಡಿದು ಎತ್ತಿದ. ಚೆಂಡು ಹೂವಿನ ಮಾಲೆ ಬೆಳಗ್ಗೆ ಕಟ್ಟಿದ ಹೊಸ ತಂತಿಗೆ ಸಿಕ್ಕಿಕೊಂಡು, ಟಂಯ್ ಎಂದು ಇಡೀ ಮನೆಗೆ ಕೇಳುವಂತೆ ನುಡಿಯಿತು. ಮೂರು ವರ್ಷದಲ್ಲಿ ಅಷ್ಟು ಶುದ್ಧ ಸ್ವರ ಆ ವಾದ್ಯದಿಂದ ಹೊರಟಿರಲಿಲ್ಲ.

"ಅಳಿಯಂದ್ರ!"

ಕಮಲವ್ವ ಹೂರಣದ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಿಂದೆ ನಿವೇದಿತಾ. ಪಕ್ಕದಲ್ಲಿ, ಏನಾಗುತ್ತದೋ ನೋಡಿಯೇ ಹೋಗೋಣ ಎಂದು ಉಳಿದಿದ್ದ ಚೆಲುವರಾಜು.

"ದೇವರ ಮುಂದಿಂದು ಎತ್ತಿದ್ರ ಮನಿಗೆ ಒಳ್ಳೇದಾಗೂದಿಲ್ರಿ. ಕೆಳಗ ಇಡ್ರಿ ಅದನ್ನ."

ಗಡಿಯಾರ ಓಡುತ್ತಿತ್ತು. ಗುರುಪ್ರಸಾದನ ಬಾಯಿಂದ ಮೂರು ವರ್ಷದ ಗುಟ್ಟು ತಾನಾಗಿಯೇ ಜಾರಿತು.

"ಅತ್ತೆ, ಇದನ್ನ ದೇವರ ಮುಂದೆ ಇಡಬಾರದು. ಇದರ ತಂತಿ... ನೈಲಾನಲ್ಲ. ಕುರಿ ಕರುಳು."

ಹೂರಣ ಸೌಟಿನಿಂದ ನೆಲಕ್ಕೆ ಬಿತ್ತು. ಯಾರೂ ಒರೆಸಲು ಬಗ್ಗಲಿಲ್ಲ.

"ವಾಟ್!" ಎಂದಳು ನಿವೇದಿತಾ. "ಮೂರು ವರ್ಷ ನನ್ನ ಬೆಡ್‌ರೂಮಿನಾಗ ಕುರಿ ಇತ್ತಾ?"

ಚೆಲುವರಾಜು ಮುಂದೆ ಬಂದು ಲ್ಯೂಟಿಗೆ ಮೂಗು ಹಚ್ಚಿ ಜೋರಾಗಿ ಉಸಿರೆಳೆದ. "ಸಾರ್, ಬೋಟಿ ಗೊಜ್ಜು ತಿಂದು ಬೆಳೆದ ಬಾಡಿ ಇದು. ಕರುಳು ಅಂದ್ರೆ ನಂಗೆ ಕಣ್ಮುಚ್ಕೊಂಡ್ರೂ ಗೊತ್ತಾಯ್ತದೆ. ಇದ್ರಲ್ಲಿ ಆ ವಾಸನೇನೇ ಇಲ್ವಲ್ಲ?"

"ಒಣಗಿಸಿರ್ತಾರೆ ರೀ!" ಎಂದು ಗುರುಪ್ರಸಾದ ರೇಗಿದ. ತನ್ನ ಪಾಪಕ್ಕೆ ಅಡ್ಡ ಬರಲು ಇವನ್ಯಾರು? "ಐನೂರು ವರ್ಷದ ಸಂಪ್ರದಾಯ. ಅಪ್ಪಟ ಕುರಿ. ನನಗೆ ಗೊತ್ತಿಲ್ವಾ?"

ಕಮಲವ್ವ ಸೆರಗನ್ನು ಮೂಗಿಗೆ ಹಿಡಿದುಕೊಂಡರು. ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿರುತ್ತಿತ್ತು. "ಮೊನ್ನೆ ಇದೇ ಕೈಲೇ ನನಗ ಚಪಾತಿ ಲಟ್ಟಿಸಿ ಕೊಟ್ರಿ. ನಿಮ್ಮನ್ನ ಮಗಾ ಅಂತ ತಿಳಕೊಂಡಿದ್ನಿ. ತಗೊಂಡು ಹೋಗ್ರಿ ಅದನ್ನ. ತಿರುಗಿ ಈ ಮನಿಗೆ ತರಬ್ಯಾಡ್ರಿ."

ಗುರುಪ್ರಸಾದ ಲ್ಯೂಟ್ ಗೆದ್ದಿದ್ದ. ಮನೆ ಸೋತಿದ್ದ. ವಿಭೂತಿ ಒರೆಸುವ ವ್ಯವಧಾನವೂ ಇಲ್ಲದೆ ಅದನ್ನು ಪೆಟ್ಟಿಗೆಯಲ್ಲಿಟ್ಟು, ಚಕ್ರದ ಕೆಳಗಿದ್ದ ನಿಂಬೆಹಣ್ಣುಗಳನ್ನು ಚಪ್ಪಟೆ ಮಾಡುತ್ತ ಕಾರು ಹೊರಡಿಸಿದ.

ಫ್ರೀವೇಯಲ್ಲಿ ಅವನ ಮನಸ್ಸು ಅತ್ತೆಯ ಮಾತಿನಲ್ಲೇ ಇತ್ತು. ಒಳ್ಳೆಯ ಹೆಂಗಸು. ಅವನ ಲ್ಯೂಟನ್ನು ಈ ಮನೆಯಲ್ಲಿ ಒಂದು ವಾದ್ಯ ಎಂದು ಒಪ್ಪಿಕೊಂಡಿದ್ದ ಒಂದೇ ಜೀವ. ಡ್ಯಾನ್‌ವಿಲ್‌ನಲ್ಲಿ ಅಕ್ಟೋಬರಿನ ಬಿಸಿಲು ಕಾದ ಹಂಚಿನಂತಿತ್ತು. ನಡುವಿನ ಗುಡ್ಡದ ಸುರಂಗ ದಾಟಿದ ಕೂಡಲೇ ಬರ್ಕ್ಲಿಯ ಮಂಜು. ಸುರಂಗದ ಈಚೆ ಕೂಡಿಸಿದ ಶ್ರುತಿ ಆಚೆ ನಿಲ್ಲುವುದಿಲ್ಲ ಎಂದು ಅವನು ಯಾವಾಗಲೂ ಕುರಿಯನ್ನು ಬೈಯುತ್ತಿದ್ದ. ಇವತ್ತು ಕುರಿಯನ್ನು ಬೈಯಲೂ ಮನಸ್ಸಾಗಲಿಲ್ಲ. ಪಾಪ, ಅದಾದರೂ ಏನು ಮಾಡೀತು.

ಹಾಲಿನಲ್ಲಿ ಮೂವತ್ತು ಜನ, ಬಹುಪಾಲು ನರೆತ ಗಡ್ಡಗಳು. ಎಲ್ಲರೂ ಶ್ರುತಿ ಮಾಡುತ್ತಿದ್ದರು. ಮೊದಲನೆಯ ಸರದಿಯೇ ಗುರುಪ್ರಸಾದನದು. ವಿಭೂತಿ, ಕುಂಕುಮ ಕಂಡು ಮುಂದಿನ ಸಾಲಿನ ಒಬ್ಬ ಮುದುಕ, ಇದು ವೆನಿಸ್ಸಿನ ಅಲಂಕಾರವೇ ಎಂದು ಕೇಳಿದ. ಅಲ್ಲ, ಧಾರವಾಡದ್ದು ಎಂದ ಗುರುಪ್ರಸಾದ. ಮುದುಕ ತಿಳಿದವನಂತೆ ತಲೆದೂಗಿದ.

ನುಡಿಸುವ ಮೊದಲು ನಾಲ್ಕು ಮಾತಾಡುವುದು ಅಲ್ಲಿನ ರೂಢಿ. ಗುರುಪ್ರಸಾದ ಎದ್ದು ನಿಂತ. ಹೇಳಬೇಕೆಂದುಕೊಂಡದ್ದು ಪವಾನಿನ ಬಗ್ಗೆ, ಬಾಯಿಗೆ ಬಂದದ್ದೇ ಬೇರೆ.

"ನಮ್ಮ ಮನೆಯಲ್ಲಿ ಮಾಂಸ ಒಳಗೆ ಬರುವುದಿಲ್ಲ. ಆದರೂ ಈ ಕರುಳಿನ ತಂತಿಯ ದನಿಗೋಸ್ಕರ ಮೂರು ವರ್ಷ ಸುಳ್ಳು ಹೇಳಿದೆ. ಇವತ್ತು ನಿಜ ಹೇಳಿ ಬಂದಿದ್ದೇನೆ. ನಮ್ಮತ್ತೆ, ಇದನ್ನು ತಿರುಗಿ ತರಬೇಡ ಎಂದಿದ್ದಾರೆ."

ಐಲೀನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು.

ಅವನು ನುಡಿಸಲು ಕೂತ. ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವಾಗಿ, ಹೆಬ್ಬೆರಳು ಮೊದಲ ಬಾರಿಗೆ ಮಂದ್ರದ ತಂತಿಗಳ ಮೇಲೆ ನಿರ್ಭಯವಾಗಿ ಇಳಿಯಿತು. ಕುರಿಯಾದರೇನು, ಆನೆಯಾದರೇನು. ಆ ಗಂಭೀರ ದನಿ ಸೋರೆಕಾಯಿ ಹೊಟ್ಟೆಯಿಂದ ಎದ್ದು ಅವನ ಎದೆಗೇ ತಾಗಿತು. ನಡುವೆ ಎರಡು ಕಡೆ ತಪ್ಪಿದ, ಒಂದು ಕಡೆ ತಂತಿಗೆ ಸಿಕ್ಕಿಕೊಂಡಿದ್ದ ಹೂವಿನ ಎಸಳಿನ ಮೇಲೆ ಬೆರಳು ಜಾರಿತು. ಆದರೂ ನಿಲ್ಲಲಿಲ್ಲ. ಪವಾನ್ ಮೊದಲಿಂದ ಕೊನೆಯವರೆಗೆ ಮುಗಿಯಿತು. ಚಪ್ಪಾಳೆಯ ನಡುವೆ ಅವನಿಗೆ ನಿಜವಾಗಿ ಸಂತೋಷವಾಯಿತು, ಅಷ್ಟು ಸಂತೋಷವಾಗಿ ಎಷ್ಟೋ ವರ್ಷವಾಗಿತ್ತು.

ಐಲೀನ್ ಬಂದು ಅವನ ಕೈ ಹಿಡಿದಳು. ವಾದ್ಯ ಇನ್ನು ನಿನ್ನ ಹತ್ತಿರವೇ ಇರಲಿ ಎಂದಳು. "ಸ್ವಲ್ಪ ಹೊತ್ತು ನನಗೆ ಕೊಡು. ಒಂದು ಸಣ್ಣ ಕೆಲಸವಿದೆ," ಎಂದು ಅದನ್ನು ಎತ್ತಿಕೊಂಡು ಇನ್ನಿಬ್ಬರ ಜೊತೆ ಹಿಂದಿನ ಕೋಣೆಗೆ ಹೋದಳು. ವಿಭೂತಿ ಒರೆಸುವುದಕ್ಕಿರಬೇಕು ಎಂದುಕೊಂಡು ಗುರುಪ್ರಸಾದ ಮಿಕ್ಕವರ ಸಂಗೀತ ಕೇಳುತ್ತ ಕೂತ.

ಎಲ್ಲರ ಸರದಿ ಮುಗಿದು ಚಹಾದ ಹೊತ್ತಿಗೆ ಮುಂದಿನ ಸಾಲಿನ ಮುದುಕ ಅವನ ಪಕ್ಕಕ್ಕೆ ಬಂದ. ಕೂಟದ ವಾದ್ಯಗಳನ್ನು ನೋಡಿಕೊಳ್ಳುವವನು ಅವನೇ.

"ನಿನ್ನ ಮಾತು ತುಂಬ ಚೆನ್ನಾಗಿತ್ತು," ಎಂದ ಮುದುಕ, ಬಿಸ್ಕತ್ತು ಅದ್ದುತ್ತ. "ಆದರೆ ಸಾಲದ ವಾದ್ಯಕ್ಕೆ ನಾವು ಯಾವತ್ತೂ ಕರುಳು ಕಟ್ಟುವುದಿಲ್ಲ. ಬೆಲೆ ಜಾಸ್ತಿ ನೋಡು. ಕಣ್ಣಿಗೆ ಹಾಗೇ ಕಾಣುವ ಪ್ಲಾಸ್ಟಿಕ್ ಅದು. ಶ್ರುತಿ ಕೂಡ ಸುಲಭಕ್ಕೆ ಬಿಡುವುದಿಲ್ಲ."

ಮೂರು ವರ್ಷ ಶ್ರುತಿ ಬಿಟ್ಟದ್ದು ಕುರಿಯಲ್ಲ, ತಾನೇ ಎಂಬ ಸತ್ಯವನ್ನು ಗುರುಪ್ರಸಾದ ಬಿಸ್ಕತ್ತಿನ ಜೊತೆ ನುಂಗಿಕೊಂಡ. ಆಮೇಲೆ ನಗು ಬಂತು. ಪ್ಲಾಸ್ಟಿಕ್ಕಿಗೋಸ್ಕರ ಕೈ ತೊಳೆದೆನಲ್ಲ! ಪ್ಲಾಸ್ಟಿಕ್ಕಿಗೋಸ್ಕರ ಮಂದ್ರ ಬಿಟ್ಟೆನಲ್ಲ! ಮನೆಗೆ ಫೋನು ಮಾಡಲು ಜೇಬಿಗೆ ಕೈ ಹಾಕುವಷ್ಟರಲ್ಲಿ ಅದೇ ರಿಂಗಣಿಸಿತು. ನಿವೇದಿತಾಳ ವೀಡಿಯೋ ಕಾಲ್. ಪರದೆಯ ತುಂಬ ಚೆಲುವರಾಜುವಿನ ಮುಖ.

"ಸಾರ್, ನಾನ್ ಹೇಳ್ಲಿಲ್ವಾ? ನಂಗೆ ಮನಸ್ಸು ತಡೀಲಿಲ್ಲ. ಹೂರಣ ಒರೆಸೋಕೆ ಸೋಫಾ ಎಳೆದ್ರೆ ಕೆಳಗೆ ಒಂದು ತಂತಿ ಪೀಸು ಬಿದ್ದಿತ್ತು. ಲೈಟರ್ ಹಚ್ಚಿ ನೋಡ್ದೆ. ಕರುಳಾದ್ರೆ ಚುರ್ ಅಂತ ಕೂದಲು ಸುಟ್ಟ ವಾಸನೆ ಬರ್ಬೇಕು. ಇದು ಕರಗಿ ಮಣಿ ಆಗೋಯ್ತು. ಅಪ್ಪಟ ಪ್ಲಾಸ್ಟಿಕ್ಕು!"

ಚೆಲುವರಾಜುವನ್ನು ಸರಿಸಿ ಕಮಲವ್ವ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. "ಅಳಿಯಂದ್ರ, ಸಿಟ್ಟಿನಾಗ ಏನೇನರ ಅಂದೆ. ಮನಸಿನಾಗ ಇಟ್ಟಕೋಬ್ಯಾಡ್ರಿ. ಪಾಪ, ವಾದ್ಯಾ ಒಯ್ಯೂದಕ್ಕ ಸುಳ್ಳು ಹೇಳಿದ್ರಿ, ಹೌದಲ್ರಿ?"

"ಹೌದು ಅತ್ತೆ. ನೈಲಾನೇ ಅದು. ಈಗ ತಾನೇ ಕನ್ಫರ್ಮ್ ಆಯ್ತು," ಎಂದ ಗುರುಪ್ರಸಾದ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನು ಅತ್ತೆಯ ಮುಖ ನೋಡಿ ಮಾತಾಡಿದ್ದ.

"ತರ್ರಿ ಮನಿಗೆ. ದೇವರ ಮುಂದ ಅದರ ಜಾಗಾ ಹಂಗ ಖಾಲಿ ಇಟ್ಟೀನಿ. ಓಣಿ ಮಂದಿನ್ನೆಲ್ಲಾ ಕರದೀನಿ. ಹೋಳಿಗಿ ಆಗ್ಯಾವ."

ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಐಲೀನ್ ಲ್ಯೂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಂದಳು. ಇನ್ನಿಬ್ಬರು ಹಿಂದೆ ಮುಗುಳುನಗುತ್ತಿದ್ದರು. ವಿಭೂತಿ ಹಾಗೇ ಇತ್ತು. ಹದಿನೈದು ತಂತಿಗಳೂ ಹೊಸವು, ಜೇನಿನ ಬಣ್ಣದವು.

"ಇಷ್ಟು ವರ್ಷ ನೀನು ಪ್ಲಾಸ್ಟಿಕ್ಕನ್ನೇ ಕರುಳು ಎಂದು ನಂಬಿ, ಅದಕ್ಕಾಗಿ ಮನೆಯನ್ನೇ ಎದುರು ಹಾಕಿಕೊಂಡೆ. ಅದು ನಮಗೆ ತಡೆಯಲಾಗಲಿಲ್ಲ," ಎಂದಳು ಐಲೀನ್, ಗದ್ಗದವಾಗಿ. "ಇವು ನನ್ನ ಸ್ವಂತ ತಂತಿಗಳು. ಇಟಲಿಯಿಂದ ತರಿಸಿಟ್ಟುಕೊಂಡಿದ್ದೆ. ಅಪ್ಪಟ ಕುರಿ ಕರುಳು. ಕೂಟದ ಎಲ್ಲರ ಪರವಾಗಿ, ನಿನಗೆ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಳೆಯ ತಂತಿಗಳು ಎಲ್ಲಿ ಎಂದು ಗುರುಪ್ರಸಾದ ಬಾಯಿ ಬಿಟ್ಟು ಕೇಳಿದ. ಕತ್ತರಿಸಿ ಬಿಸಾಡಿದೆವು ಎಂದಳು ಐಲೀನ್ ಹೆಮ್ಮೆಯಿಂದ.

"ಏನ್ರಿ ಅದು ಚಪ್ಪಾಳಿ?" ಎಂದು ಫೋನಿನೊಳಗಿಂದ ಕಮಲವ್ವ ಕೇಳಿದರು. "ಲಗೂ ಬರ್ರಿ, ಮಂದಿ ಕಾಯಲಿಕತ್ತಾರ."

"ಸಾರ್, ಬೇಗ ಬನ್ನಿ," ಎಂದು ಚೆಲುವರಾಜು ಮತ್ತೆ ಪರದೆಗೆ ಮುಖ ತುರುಕಿದ. "ಕೆಲವರು ಇನ್ನೂ ನಂಬ್ತಿಲ್ಲ. ತಂತಿ ತುದೀಲಿ ಒಂಚೂರು ಕಟ್ ಮಾಡಿ, ಎಲ್ಲರ ಮುಂದೆ ಸುಟ್ಟು ತೋರಿಸ್ಬಿಡ್ತೀನಿ. ಲೈಟರ್ ಕೈಲೇ ಇದೆ."

ಗುರುಪ್ರಸಾದ ಫೋನು ಜೇಬಿಗೆ ಹಾಕಿ, ಲ್ಯೂಟನ್ನು ತೆಗೆದುಕೊಂಡು, ಐಲೀನಳಿಗೆ ಧನ್ಯವಾದ ಹೇಳಿದ. ಆಮೇಲೆ ಚರ್ಚಿನ ಬಚ್ಚಲು ಎಲ್ಲಿದೆ ಎಂದು ವಿಚಾರಿಸಿಕೊಂಡು ಹೋಗಿ, ಸೋಪು ಹಾಕಿ ಕೈ ತೊಳೆದುಕೊಂಡ.